ಒಂದು ಒಳಲೆಯ ಬೆಲೆಗೆ

ನಡುರಾತ್ರಿ ಕಳೆದ ಮೇಲೆ ಒಂದು ಸಣ್ಣ ಸದ್ದು: ಗುಳುಕ್.

ಯಂತ್ರಗಳ ಕೂಗಿನ ನಡುವೆ ಅದು ಬೇರೆ ಯಾರ ಕಿವಿಗೂ ಬೀಳುವುದಿಲ್ಲ. ನನಗೆ ಕೇಳಿಸುತ್ತದೆ. ಕಿರುಬೆರಳಿನಷ್ಟು ಸಪೂರವಾದ ಕೊರಳಿನಲ್ಲಿ ಹಾಲು ಇಳಿದ ಸದ್ದು ಅದು. ಅದರ ಹಿಂದೆಯೇ ಇನ್ನೊಂದು ಸದ್ದು ಬರಬೇಕು, ಉಸಿರಿನದು. ಕೆಲವು ಸಲ ತಡವಾಗುತ್ತದೆ. ಒಂದು ಸದ್ದು ಮುಗಿದು ಇನ್ನೊಂದು ಬರುವ ತನಕ ಕಾಯುವುದರಲ್ಲಿಯೇ ನನ್ನ ಆಯುಷ್ಯ ಕಳೆದಿದೆ. ನೆಮ್ಮದಿಯಿಂದ ಕೂತದ್ದು ನನಗೆ ನೆನಪಿಲ್ಲ.

ನಾನು ಒಂದು ಒಳಲೆ, ಕೂಸುಗಳಿಗೆ ಹಾಲು ಕುಡಿಸುವವಳು. ಬೆಳ್ಳಿಯವಳಲ್ಲ, ಸ್ಟೀಲಿನವಳು. ಅಂಗೈಯಲ್ಲಿ ಅಡಗುವಷ್ಟು ಬಟ್ಟಲು, ಅದಕ್ಕೊಂದು ನೀಳವಾದ ಮೂತಿ. ತಟ್ಟೆ, ತಂಬಿಗೆ ಮಾಡುವ ಕಾರ್ಖಾನೆಯಲ್ಲಿ ದೊಡ್ಡದೊಂದು ಮುಚ್ಚಳ ಕತ್ತರಿಸಿ ಉಳಿದ ತಗಡಿನಿಂದ ನಾನು ಹುಟ್ಟಿದೆ. ಉಜ್ಜಿ ಹೊಳಪು ಕೊಟ್ಟವನು ನನ್ನ ಮೂತಿಯನ್ನು ತನ್ನ ಕೆಳತುಟಿಯ ಮೇಲೆ ಆಡಿಸಿ ನೋಡಿದ. ಎಲ್ಲೋ ಚುಚ್ಚಿರಬೇಕು, ಮತ್ತೆ ಉಜ್ಜಿದ. ಮೊದಲ ಸಲ ಒಂದು ತುಟಿಯನ್ನು ಮುಟ್ಟಿದ್ದು ಆಗ.

ತುಂಗಭದ್ರೆಯ ಬಯಲಿನ ಒಂದು ಊರಿನ ಪಾತ್ರೆ ಅಂಗಡಿಯಲ್ಲಿ ಕೂತಿದ್ದ ನನ್ನನ್ನೂ ನನ್ನ ಜೊತೆಯವರನ್ನೂ ಕೊಂಡವರು ದೊಡ್ಡಾಸ್ಪತ್ರೆಯ ಸಿಸ್ಟರ್ ಇಂದುಮತಿ. ಹೆಸರು ಕೊರೆಯುವ ಯಂತ್ರ ಎತ್ತಿಕೊಂಡು ಅಂಗಡಿಯವನು ಕೇಳಿದ, "ಯಾರ ಹೆಸರು ಹಾಕ್ಲಿರಿ? ಲಗ್ನದ ಆಹೇರಿಗೆ ಒಳಲಿ ಕೊಡೂದು ಸ್ವಲ್ಪ ಅವಸರ ಆತಲ್ರಿ?"

"ಶಿಶು ಘಟಕ ಅಂತ ಹಾಕ್ರಿ. ಇಲ್ಲಂದ್ರ ಮಂದಿ ಒಯ್ದುಬಿಡ್ತಾರ."

"ಒಳಲಿ ಯಾರು ಕದೀತಾರ್ರಿ?"

"ಕೂಸು ಉಳೀತಂದ್ರ ಒಳಲಿ ಕೈಗುಣ ಅಂತ ಒಯ್ತಾರ. ಉಳೀಲಿಲ್ಲಂದ್ರ ಯಾರೂ ಅದರ ಕಡೆ ನೋಡೂದಿಲ್ಲ."

ಅಂಗಡಿಯವನ ನಗು ಅರ್ಧಕ್ಕೆ ನಿಂತಿತು. ನನ್ನ ಹೊಟ್ಟೆಯ ಮೇಲೆ ಆ ಎರಡು ಶಬ್ದಗಳು ಹಚ್ಚೆಯಂತೆ ಕೂತವು.

ದಿನ ತುಂಬದೆ ಹುಟ್ಟಿದ ಮಕ್ಕಳನ್ನೂ, ಹುಟ್ಟಿದೊಡನೆ ಜೀವಕ್ಕೆ ಕುತ್ತು ಬಂದ ಮಕ್ಕಳನ್ನೂ ಇಟ್ಟು ನೋಡಿಕೊಳ್ಳುವ ಜಾಗ ಅದು. ಊರಿನವರು ‘ಗಾಜಿನ ಪೆಟ್ಟಿಗಿ ವಾರ್ಡು’ ಎನ್ನುತ್ತಿದ್ದರು. ಎದೆಗೆ ವೈರು, ಬಾಯಿಗೆ ನಳಿಗೆ, ಕೆಲವರ ಕಣ್ಣಿಗೆ ಪಟ್ಟಿ. ನಳಿಗೆಯ ಹಾಲಿನಿಂದ ತಾಯಿಯ ಎದೆಯ ಹಾಲಿನವರೆಗೆ ಒಂದು ಕಿರಿದಾದ ಸೇತುವೆಯಿದ್ದರೆ ಆ ಸೇತುವೆ ನಾನು. ಪ್ರತಿ ಸಲವೂ ಕುದಿಯುವ ನೀರಿನಲ್ಲಿ ಬೆಂದು, ಆರಿ, ತಾಯಿ ಹಿಂಡಿಕೊಟ್ಟ ಹಾಲನ್ನು ತುಂಬಿಕೊಂಡು ತುಟಿಯ ಅಂಚಿಗೆ ಬರುತ್ತಿದ್ದೆ. ಸ್ವಲ್ಪ ಹೆಚ್ಚು ಬಾಗಿದರೆ ಹಾಲು ನೆತ್ತಿಗೇರುತ್ತದೆ. ಕಡಿಮೆ ಬಾಗಿದರೆ ಮಗು ದಣಿದು ನಿದ್ದೆ ಹೋಗುತ್ತದೆ. ಬಾಗಿಸುವ ಕೈ ನನ್ನದಲ್ಲ, ಆದರೆ ಭಯ ನನ್ನದೇ.

ಇಂದುಮತಿಯವರನ್ನು ನಾನು ಯಾವಾಗಲೂ ಕೆಳಗಿನಿಂದಲೇ ಕಂಡವಳು. ಮಾಸ್ಕಿನ ಅಂಚು, ಅದರ ಮೇಲೆ ರೆಪ್ಪೆ ಬಡಿಯಲು ಮರೆತ ಎರಡು ಕಣ್ಣು. ಅವರೂ ನನ್ನ ಹಾಗೆ ಆ ಎರಡನೆಯ ಸದ್ದಿಗೆ ಕಾಯುವವರು. ಅದು ಬಂದಾಗ ಮಾಸ್ಕು ಸ್ವಲ್ಪ ಉಬ್ಬುತ್ತಿತ್ತು. ಅಷ್ಟು ಹೊತ್ತು ಅವರೂ ಉಸಿರು ಹಿಡಿದಿರುತ್ತಿದ್ದರು.

ಒಂದು ದಿನ ದಾಕ್ಷಾಯಿಣಿಯ ಮಗಳು ಬಂದಳು. ದಾಕ್ಷಾಯಿಣಿ ಮೊದಲೆರಡು ಮಕ್ಕಳನ್ನು ಕಳೆದುಕೊಂಡವಳು. ಈ ಮೂರನೆಯದು ಎರಡು ತಿಂಗಳು ಮುಂಚೆಯೇ ಹುಟ್ಟಿತ್ತು. ಚರ್ಮದ ಕೆಳಗೆ ಹರಿಯುವ ರಕ್ತ ಕಾಣುವಷ್ಟು ತೆಳುವಾದ ಮಗು. ಕೆಲವು ದಿನ ನಳಿಗೆಯಲ್ಲಿ ಹಾಲು ಹೋಯಿತು. ಆಮೇಲೆ ನನ್ನ ಸರದಿ ಬಂತು.

ಅವಳನ್ನು ತೊಡೆಯ ಮೇಲೆ ನೆಟ್ಟಗೆ ಒರಗಿಸಿಕೊಂಡು ಇಂದುಮತಿ ನನ್ನ ಮೂತಿಯನ್ನು ಕೆಳತುಟಿಗೆ ತಾಗಿಸಿದರು. ಒಂದು ಹನಿ. ಗುಳುಕ್. ಉಸಿರು ಬಂತು. ಇನ್ನೊಂದು ಹನಿ. ಗುಳುಕ್.

ಬರಲಿಲ್ಲ.

ತುಟಿಯ ಸುತ್ತ ನೀಲಿ ಹರಡಿತು. ತಲೆಯ ಮೇಲಿನ ಯಂತ್ರ ಕಿರುಚತೊಡಗಿತು. ನನ್ನನ್ನು ಟ್ರೇಗೆ ಬಿಟ್ಟ ಇಂದುಮತಿ ಮಗುವಿನ ಬೆನ್ನು ಸವರಿ, ಅಂಗಾಲನ್ನು ಬೆರಳಿನಿಂದ ಚಿಮ್ಮಿದರು. "ಉಸಿರು ತಗೋ ತಂಗಿ, ಮರೀಬ್ಯಾಡ. ತಗೋ." ಮತ್ತೊಮ್ಮೆ ಚಿಮ್ಮಿದರು. ಮಗುವಿಗೆ ಸಿಟ್ಟು ಬಂದಂತೆ ಮುಖ ಕಿವುಚಿತು, ಬಾಯಿ ತೆರೆಯಿತು, ಬೆಕ್ಕಿನ ಮರಿಯ ದನಿಯಲ್ಲಿ ಅತ್ತಿತು.

ಡಾಕ್ಟರು ಬಂದು ನೋಡಿದರು. "ತಾಯಿ ಎದಿಗೆ ಹಾಕ್ರಿ, ಸಿಸ್ಟರ್. ಚರ್ಮಕ್ಕ ಚರ್ಮ ತಾಗಲಿ. ತಾಯಿ ಉಸಿರಾಡೂದು ಕೇಳಿದ್ರ ಈ ಕೂಸಿಗೂ ಉಸಿರಾಡೂದು ನೆನಪಾಗತದ."

ಅಡ್ಡ ಬಂದದ್ದು ಬಾಗಿಲಲ್ಲಿ ನಿಂತಿದ್ದ ಅಜ್ಜಿ, ದಾಕ್ಷಾಯಿಣಿಯ ಅತ್ತೆ ನೀಲಗಂಗವ್ವ.

"ಬ್ಯಾಡ್ರಿ ಬಾಯಾರ. ನಿಮ್ಮ ಕಾಲಿಗೆ ಬೀಳ್ತೀನಿ, ಅಕಿ ಎದಿಗೆ ಹಾಕಬ್ಯಾಡ್ರಿ."

"ಯಾಕ ಅಜ್ಜಿ?"

"ಮೊದಲಿನೂ ಎರಡೂ ಅಕಿ ಎತ್ತಿಕೊಂಡ ದಿನಾನ ಹೋದೂ."

"ಅವು ಬ್ಯಾನಿಗೆ ಹೋಗ್ಯಾವು ಅಜ್ಜಿ. ತಾಯಿ ಎತ್ತಿಕೊಂಡಿದ್ದಕ್ಕಲ್ಲ."

"ನೀವು ಕಲಿತವರು. ನಾ ಕಂಡಾಕಿ."

ಹೊರಗೆ ಸಿಮೆಂಟಿನ ಕಟ್ಟೆಯ ಮೇಲೆ ಕೂತಿದ್ದ ದಾಕ್ಷಾಯಿಣಿ ಅಲ್ಲಿಂದ ಏಳಲಿಲ್ಲ. ಕರೆದರೆ ಅತ್ತೆಯ ಮುಖ ನೋಡಿದಳು, ಸೆರಗನ್ನು ಇನ್ನೂ ಬಿಗಿಯಾಗಿ ಹೊದ್ದಳು. ಹಾಲು ಹಿಂಡಿ ಕೊಡುತ್ತಿದ್ದಳು, ಒಳಗೆ ಮಾತ್ರ ಬರುತ್ತಿರಲಿಲ್ಲ. ಆ ಹಾಲೂ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ನನ್ನ ತಳ ಕಾಣತೊಡಗಿತ್ತು. ಒಳಗೆ ಯಂತ್ರ ಮತ್ತೆ ಮತ್ತೆ ಕಿರುಚುತ್ತಿತ್ತು.

ಇಂದುಮತಿ ನಲ್ಲಿಯ ಕೆಳಗೆ ನನ್ನನ್ನು ತೊಳೆಯುತ್ತಿದ್ದಾಗ ಅಜ್ಜಿ ಹಿಂದಿನಿಂದ ಬಂದರು.

"ಬಾಯಾರ, ನೀವು ಕೊಂಡುಬಿಡ್ರಿ."

"ಏನು ಕೊಳ್ಳಲಿ?"

"ಕೂಸನ್ನ."

ನಲ್ಲಿಯ ನೀರು ಸುಮ್ಮನೆ ನನ್ನ ಮೇಲೆ ಸುರಿಯುತ್ತಲೇ ಇತ್ತು.

"ಉಳೀಲಾರದ ಮನಿ ಕೂಸನ್ನ ಮಾರತೇವ್ರಿ ನಮ್ಮಾಗ. ನಮ್ಮಣ್ಣನ್ನ ಹಂಗ ಒಂದು ಹಿಡಿ ನುಚ್ಚಿಗೆ ಮಾರಿದ್ರು. ನುಚ್ಚಪ್ಪ ಅಂತನ ಹೆಸರು. ಮುಪ್ಪಾನುಮುಪ್ಪ ಆಗೂತನ ಇದ್ದ. ಸಾಯೂ ದಿನಾನೂ ಸೊಸೆಂದ್ರಿಗೆ ಬೈದ ಹೋದ. ನೀವು ಕೊಂಡ್ರಂದ್ರ ಅದು ಅಕಿ ಕೂಸಲ್ಲ, ನಿಮ್ಮ ಕೂಸು. ಹಣೆಬರಹ ಬರಿಯೂ ಶೆಟಿಗೆವ್ವ ಅಕಿ ಕೂಸನ್ನ ಹುಡುಕ್ಕೋತ ಬಂದ್ರ ಅಕಿ ಮಡಲಾಗ ನಿಮ್ಮ ಕೂಸಿರತೈತಿ. ಆಮ್ಯಾಲ ಎದಿಗೆ ಹಾಕ್ರಿ, ಎಲ್ಲೆರ ಹಾಕ್ರಿ. ನಾ ಅಡ್ಡ ಬರೂದಿಲ್ಲ."

"ಇಂಥಾದ್ದೆಲ್ಲ ನಾ ನಂಬೂದಿಲ್ಲ ಅಜ್ಜಿ."

"ನಿಮಗ ಯಾರು ನಂಬಂದ್ರು? ಕೊಳ್ಳಂದೆ."

ಒಳಗೆ ಯಂತ್ರ ಕೂಗಿತು. ಹಸೀನಾ ಸಿಸ್ಟರ್ ಓಡಿದ ಚಪ್ಪಲಿಯ ಸದ್ದು ಕೇಳಿತು. ಅದು ದಾಕ್ಷಾಯಿಣಿಯ ಮಗಳದೋ ಇನ್ನಾರದೋ ತಿಳಿಯದೆ ನಾವು ಮೂವರೂ ಬಾಗಿಲಿನ ಕಡೆಗೆ ತಿರುಗಿದೆವು. ಕೂಗು ನಿಂತಿತು. ಇಂದುಮತಿ ಮೆಲ್ಲಗೆ ಕೇಳಿದರು, "ನುಚ್ಚು ಎಲ್ಲಿಂದ ತರಲಿ ಇಲ್ಲೆ?"

"ನುಚ್ಚ ಆಗಬೇಕಂತಿಲ್ಲ. ಕೈಯಾಗಿದ್ದದ್ದು ಕೊಡ್ರಿ."

ಕೈಯಲ್ಲಿದ್ದವಳು ನಾನು. ಅಜ್ಜಿ ಸೆರಗು ಒಡ್ಡಿದರು. ಇಂದುಮತಿ ಅತ್ತಿತ್ತ ನೋಡಿ ನನ್ನನ್ನು ಅದರೊಳಗೆ ಇಟ್ಟರು.

"ಮುಟ್ಟಿತು," ಎಂದರು ಅಜ್ಜಿ. "ಕೂಸು ನಿಮ್ಮದು. ಮನಿಗೆ ಕಳಸೂ ದಿನ ನಾ ಇದನ್ನ ನಿಮ್ಮ ಕೈಗೆ ಕೊಡ್ತೀನಿ. ನೀವು ‘ಮುಟ್ಟಿತು’ ಅನ್ರಿ, ಕೂಸು ನಮ್ಮದು. ದಾಕ್ಷಾಯಿಣಿ ಕಿವಿಗೆ ಇದು ಬೀಳಬಾರದು. ಅಕಿ ನನ್ನ ಕೂಸಂತ ತಿಳಕೊಂಡ ಎತ್ತಿಗೊಳ್ಳಲಿ."

ಹೀಗೆ ನಾನು ಒಂದು ಮಗುವಿನ ಬೆಲೆಯಾದೆ.

ಅಜ್ಜಿ ನನ್ನನ್ನು ಎಲೆ ಅಡಿಕೆಯ ಸಂಚಿಯಲ್ಲಿ ಹಾಕಿಕೊಂಡರು. ಸುಣ್ಣದ ಡಬ್ಬಿಯ ಪಕ್ಕದಲ್ಲಿ, ಕತ್ತಲೆಯಲ್ಲಿ, ನಾನು ಕಿವಿಯಾಗಿಯೇ ಬದುಕಿದೆ. ಈಗ ಅವಳ ಬಾಯಿಗೆ ಯಾರು ಹೋಗುತ್ತಿದ್ದಾರೆ? ನನ್ನ ಜೊತೆಯವಳೊಬ್ಬಳ ಮೂತಿ ಸ್ವಲ್ಪ ಅಗಲ, ಹಾಲು ಬೇಗ ಇಳಿಯುತ್ತದೆ. ಅವಳೇ ಆಗಿದ್ದರೆ? ನುಂಗಿದಳೋ, ಉಸಿರು ಬಂತೋ ಎಂದು ಕೇಳಿ ತಿಳಿಯುವ ದಾರಿ ನನಗಿರಲಿಲ್ಲ.

ಮರುದಿನ ಅಜ್ಜಿ ಅಡಿಕೆಗೆಂದು ಸಂಚಿಯ ಬಾಯಿ ಬಿಚ್ಚಿ ಹಾಗೆಯೇ ಮರೆತು ಬಾಗಿಲ ಗಾಜಿಗೆ ಹಣೆ ಹಚ್ಚಿ ನಿಂತರು. ನಾನೂ ಕಂಡೆ. ದಾಕ್ಷಾಯಿಣಿ ಕುರ್ಚಿಯಲ್ಲಿ ಒರಗಿದ್ದಳು. ಎದೆಯ ಮೇಲೆ ಕಪ್ಪೆಯಂತೆ ಕಾಲು ಮಡಿಚಿ ಮಲಗಿದ್ದ ಮಗು, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಇಂದುಮತಿಯ ಕೈ. ದಾಕ್ಷಾಯಿಣಿ ಅಲುಗಾಡದೆ ಅಳುತ್ತಿದ್ದಳು. ಅತ್ತರೆ ಎದೆ ಕುಣಿದು ಮಗುವಿಗೆ ಏನಾದರೂ ಆದೀತೆಂದು ಕಣ್ಣಿನಿಂದ ಮಾತ್ರ ಅಳುತ್ತಿದ್ದಳು. ಸಂಜೆಯ ಹೊತ್ತಿಗೆ ಅವಳ ಎದೆಯಲ್ಲಿ ಹಾಲು ತಾನಾಗಿ ಸೋರಿತು.

ಯಂತ್ರ ಕೂಗುವುದು ಕಡಿಮೆಯಾಯಿತು. ಆಮೇಲೊಂದು ದಿನ ಬಾಗಿಲಲ್ಲಿ ಹಸೀನಾ ಸಿಸ್ಟರ್ ದನಿ: "ಅಕ್ಕಾ, ಒಂದು ಒಳಲಿ ಕಮ್ಮಿ ಬರ್ತದಲ್ಲ?"

"ಬಿದ್ದು ಮೂತಿ ಸೊಟ್ಟಾತು. ತಗದಿಟ್ಟೀನಿ."

"ಕಳ್ಳರು ಒಯ್ದಿರಬೇಕು ಅಂದುಕೊಂಡಿದ್ದೆ. ಹೆಸರು ಕೊರಿಸೀರಿ ಖರೆ, ಕಳ್ಳರಿಗೆ ಓದಾಕ ಬರಬೇಕಲ್ಲಕ್ಕಾ!"

ಸಂಚಿಯೊಳಗೆ ನಾನು ಇನ್ನಷ್ಟು ಮುದುರಿಕೊಂಡೆ.

ಮಗು ಮೈ ಕಟ್ಟತೊಡಗಿತು. ಬಾಣಂತಿಗೆ ಅಂಟಿನುಂಡಿ ಮಾಡಿಕೊಂಡು ಬರುತ್ತೇನೆಂದು ಅಜ್ಜಿ ಊರಿಗೆ ಹೊರಟರು. ಬಾಗಿಲಲ್ಲಿ ಇಂದುಮತಿಗೆ ಕಣ್ಣಲ್ಲೇ ಸಂಚಿ ತೋರಿಸಿ, "ಬರ್ತೀನ್ರಿ, ನಮ್ಮ ವ್ಯವಹಾರ ಐತಿ," ಎಂದು ನಕ್ಕರು. ಊರಿನಲ್ಲಿ ಒಲೆಯ ಮುಂದೆ ಕೂತು ತುಪ್ಪದಲ್ಲಿ ಅಂಟು ಹುರಿಯುತ್ತಿದ್ದವರು ಸುಸ್ತೆಂದು ಗೋಡೆಗೆ ಒರಗಿದರು. ಸೊಂಟದಲ್ಲಿದ್ದ ನನಗೆ ಅವರ ಉಸಿರು ಕೇಳಿಸುತ್ತಿತ್ತು. ಒಂದು ಬಂತು. ಮುಂದಿನದಕ್ಕೆ ನಾನು ಕಾದೆ. ಕಾಯುವುದು ನನಗೆ ಗೊತ್ತಿದ್ದ ಕೆಲಸವೇ. ಬಾಣಲೆಯಲ್ಲಿ ಅಂಟು ಸೀದು ಹೊಗೆಯೆದ್ದರೂ ಅದು ಬರಲೇ ಇಲ್ಲ.

ಯಾರೋ ಸಂಚಿಯನ್ನು ಬಿಚ್ಚಿ ಗೂಟಕ್ಕೆ ತೂಗುಹಾಕಿದರು. ಕೆಲವು ದಿನಗಳ ಮೇಲೆ ಅದೇ ಮನೆಯೊಳಗೆ ಒಂದು ಅಳು ಕೇಳಿಸಿತು. ಆ ದನಿಯನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ಮಗು ಮನೆಗೆ ಬಂದಿತ್ತು. ಆದರೆ ಅದನ್ನು ಬಿಡಿಸಿಕೊಳ್ಳಬೇಕಾದ ಬೆಲೆ ಇನ್ನೂ ಗೂಟದಲ್ಲಿ ನೇತಾಡುತ್ತಿತ್ತು. ಲೆಕ್ಕದ ಪ್ರಕಾರ ಅವಳು ಇನ್ನೂ ಇಂದುಮತಿಯ ಮಗಳು. ಇದು ತಿಳಿದವರು ಇಬ್ಬರು. ಒಬ್ಬರು ಆಸ್ಪತ್ರೆಯಲ್ಲಿ, ಇನ್ನೊಬ್ಬಳಿಗೆ ಬಾಯಿಲ್ಲ. ಇರುವುದು ಮೂತಿ ಮಾತ್ರ.

ಅಜ್ಜಿಯ ಮಗಳು ಕಸ್ತೂರಿ ಒಂದು ದಿನ ಸಂಚಿ ಕೊಡವಿದಳು. ಅಡಿಕೆ, ಸುಣ್ಣದ ಡಬ್ಬಿ, ಹಿಂದೆಯೇ ನಾನು. ಅವಳು ಗಟ್ಟಿಯಾಗಿ ಓದಿದಳು. "ಶಿಶು ಘಟಕ. ಅಯ್ಯ, ನಮ್ಮವ್ವ ದವಾಖಾನಿ ಸಾಮಾನು ಎತ್ತಿಕೊಂಡು ಬಂದಾಳಲ್ಲ ವೈನಿ!" ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಇರಲಿ ಬಿಡು, ಅಕಿ ಮೊಮ್ಮಗಳಿಗೇ ಆತು."

ದಾಕ್ಷಾಯಿಣಿ ನಗಲಿಲ್ಲ. ನನ್ನನ್ನು ಮಗುವಿನ ಬಾಯಿಗೆ ಇಡಲೂ ಇಲ್ಲ. "ಬ್ಯಾರೆ ಕೂಸಿನ ಬಾಯಿಂದ ಕಸಕೊಂಡಂಗ ಆಗತೈತಿ," ಎಂದು ಜೋಳದ ಡಬ್ಬಿಯ ಹಿಂದೆ ಬಚ್ಚಿಟ್ಟಳು. ಮಗುವಿಗೆ ನೆಗಡಿಯಾದರೆ ಎದ್ದು ಬಂದು ನಾನಿರುವ ಕಡೆ ನೋಡುತ್ತಿದ್ದಳು. ಮೈ ಬಿಸಿಯಾದರೂ ನೋಡುತ್ತಿದ್ದಳು. ಅತ್ತೆಯ ಹೆಸರನ್ನೇ ಇಡೋಣವೆಂದು ಗಂಡ ಹೇಳಿದಾಗಲೆಲ್ಲ "ನೋಡೂಣು" ಎನ್ನುತ್ತಿದ್ದಳು. ಹೆಸರಿಲ್ಲದೆ ತೊಟ್ಟಿಲು ತೂಗುತ್ತಿತ್ತು.

ಈಗ ನನ್ನ ಮೂತಿ ನಿಜವಾಗಿಯೂ ಸೊಟ್ಟಗಾಗಿದೆ. ಆ ಮಗುವಿನ ನಂತರ ಬಹಳ ವರ್ಷ, ಬಹಳ ಮಕ್ಕಳಿಗೆ ಹಾಲು ಕುಡಿಸಿ, ಈಗ ವಾರ್ಡಿನ ಕಪಾಟಿನ ಮೂಲೆಯಲ್ಲಿ ಹತ್ತಿಯ ಸುರುಳಿಗಳ ಹಿಂದೆ ಕೂತಿದ್ದೇನೆ. ಇಲ್ಲಿಗೂ ಯಂತ್ರದ ಕೂಗು ಕೇಳಿಸುತ್ತದೆ. ಕೇಳಿದಾಗಲೆಲ್ಲ ಯಾರ ಮಗು ಎಂದುಕೊಳ್ಳುತ್ತೇನೆ. ಯಾರ ಮಗು ಎಂಬ ಮಾತಿಗೆ, ನಾನು ಈ ವಾರ್ಡಿಗೆ ಮರಳಿ ಬಂದ ಆ ದಿನ ನೆನಪಾಗುತ್ತದೆ.

ತಪಾಸಣೆಗೆಂದು ಬಂದ ದಾಕ್ಷಾಯಿಣಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಇಂದುಮತಿಯ ಮುಂದೆ ನಿಂತಳು. ಮಗುವಿನ ಕೆನ್ನೆ ತುಂಬಿತ್ತು.

"ಅಜ್ಜಿ ಊರಿಗೆ ಹೋದ ದಿನದಿಂದ ನೀವು ಮನಿಗೆ ಹೋಗೂತನ ನಾ ರಜಾದ ಮ್ಯಾಲಿದ್ದೆ," ಎಂದರು ಇಂದುಮತಿ. ಅವರ ಕಣ್ಣು ದಾಕ್ಷಾಯಿಣಿಯ ಹಿಂದೆ ಯಾರನ್ನೋ ಹುಡುಕುತ್ತಿತ್ತು. "ಅಜ್ಜಿ ಬರಲಿಲ್ಲೇನು?"

"ಅತ್ತಿ ತೀರಿಕೊಂಡ್ರುರೀ, ಅಕ್ಕಾರ. ಅಂಟಿನುಂಡಿ ಮಾಡಾಕ ಹೋದಾಗನ."

ಇಂದುಮತಿ ಮೇಜಿನ ಅಂಚು ಹಿಡಿದುಕೊಂಡರು. ದಾಕ್ಷಾಯಿಣಿ ಚೀಲದಿಂದ ನನ್ನನ್ನು ತೆಗೆದಳು. ಒರೆಸಿ ಒರೆಸಿ ನನ್ನ ಹೊಟ್ಟೆ ಅವಳ ಮುಖ ಕಾಣುವಷ್ಟು ಹೊಳೆಯುತ್ತಿತ್ತು.

"ತಪ್ಪಾಗೇತ್ರಿ. ಅತ್ತಿ ಸಂಚ್ಯಾಗ ಸಿಕ್ಕಿತು. ಅವರು ಹಂಗ ಮಾಡೂ ಪೈಕಿ ಅಲ್ರಿ, ಏನು ಬುದ್ಧಿ ಬಂತೋ ಏನೋ. ಈಕಿಗೆ ಅವರ ಹೆಸರು ಇಡಬೇಕಂತೈತ್ರಿ. ಇದು ಮನ್ಯಾಗಿದ್ದಷ್ಟು ದಿನ ಇಡಾಕ ಮನಸಾಗಲಿಲ್ಲ."

ಅವಳು ನನ್ನನ್ನು ಚಾಚಿ ಹಿಡಿದಳು. ಟ್ರೇ ಪಕ್ಕದಲ್ಲಿಯೇ ಇತ್ತು. ಅದರಲ್ಲಿ ಇಡು ಎನ್ನಬಹುದಿತ್ತು. ಇಂದುಮತಿ ಹಾಗೆನ್ನಲಿಲ್ಲ. ಕೈಗವಸು ಬಿಚ್ಚಿದರು, ಎರಡೂ ಅಂಗೈ ಜೋಡಿಸಿ ಒಡ್ಡಿದರು. ನಾನು ಅದರಲ್ಲಿ ಇಳಿದೆ.

"ಮುಟ್ಟಿತು," ಎಂದರು.

"ಏನ್ರಿ?"

"ಒಳಲಿ ಮುಟ್ಟಿತು ಅಂದೆ. ಇನ್ನ ನಿಮ್ಮ ಕೂಸು ಕರಕೊಂಡು ಆರಾಮ ಹೋಗ್ರಿ." ಮಾಸ್ಕು ಉಬ್ಬಿತು. ಆಮೇಲೆ ತಡೆದು ಹೇಳಿದರು, "ದಾಕ್ಷಾಯಿಣಿ, ನಿಮ್ಮತ್ತಿ ಕದ್ದಿಲ್ಲ. ನಾನ ಕೊಟ್ಟಿದ್ದೆ."

ದಾಕ್ಷಾಯಿಣಿಯ ಮುಖದಲ್ಲಿ ಏನೋ ಸಡಿಲಾಯಿತು. ಅಳುವೋ ನಗುವೋ ನನಗೆ ಕೆಳಗಿನಿಂದ ತಿಳಿಯಲಿಲ್ಲ. "ನೀವ ಕೊಟ್ರೇನು? ಯಾಕ್ರಿ ಅಕ್ಕಾರ?"

ಮಗು ತಾಯಿಯ ತಾಳಿಯ ಸರವನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗುತ್ತಿತ್ತು. ಇಂದುಮತಿ ಆ ಮುಷ್ಟಿಯನ್ನೇ ನೋಡಿದರು. ಹೇಳಿದರೆ ಇವಳು ಇನ್ನು ಪ್ರತಿ ಜ್ವರಕ್ಕೂ ಆ ಮಾರಾಟವನ್ನು ನೆನೆಯುತ್ತಾಳೆ. ಎತ್ತಿಕೊಂಡಾಗಲೆಲ್ಲ ಮೊದಲು ಒಂದು ಗಳಿಗೆ ತಡೆಯುತ್ತಾಳೆ.

"ಯಾರಕ್ಕಾ, ಏನು ತಂದುಕೊಟ್ರು?" ಒಳಗಿನಿಂದ ಹಸೀನಾ ಕೂಗಿದಳು.

"ಏನಿಲ್ಲ," ಎಂದರು ಇಂದುಮತಿ, ಇಬ್ಬರಿಗೂ ಒಂದೇ ಉತ್ತರವಾಗಿ. "ಕೈಯಾಗಿತ್ತು. ಕೊಟ್ಟಿದ್ದೆ."

ನನ್ನನ್ನು ಹಿಡಿದಿದ್ದ ಬೆರಳುಗಳು ಮೆಲ್ಲಗೆ ಮುಚ್ಚಿಕೊಂಡವು. ಆ ಬಿಗಿಯಿಂದಲೇ ನನಗೆ ತಿಳಿಯಿತು, ಇದನ್ನು ಅವರು ಇನ್ನು ಯಾರಿಗೂ ಹೇಳುವುದಿಲ್ಲ.