ಕಡೆಯ ಸಾಲಿನ ಹೆಸರು

ಇವತ್ತು ಅಂಕಿ ಬರೆಯುವ ಪಾಳಿ ಕೋಮಲಳದು. ಮೂರನೆಯ ಬೆಂಚಿನಿಂದ ಎದ್ದು ಬಂದು, ವಿಜಯಲಕ್ಷ್ಮಿ ಮೇಡಂ ಹಿಡಿದ ಮೊಬೈಲಿನಲ್ಲಿ ನೋಡಿ, ಕರಿಹಲಗೆಯ ಬಲಮೂಲೆಯಲ್ಲಿ ಬರೆದಳು: ೧೧,೪೦೦. ಅದರ ಮೇಲೆ ಮೂರು ವಾರಗಳ ಅಂಕಿಗಳು ಒಂದರ ಕೆಳಗೊಂದು ಇದ್ದವು. ಎಲ್ಲಕ್ಕೂ ಮೇಲೆ, ಹಳದಿ ಸೀಮೆಸುಣ್ಣದಲ್ಲಿ ಸುಭಾಸ ಮೊದಲ ದಿನ ಬರೆದ ತಲೆಬರಹ: ‘ನಮ್ಮ ಮೇಡಂ ಹಾಡು’. ಪಕ್ಕದಲ್ಲಿ ‘ಅಳಿಸಬಾರದು’ ಎಂದು ಅಡಿಗೆರೆ.

ಬಾಗೇವಾಡಿಯ ಆ ಕಾಲೇಜಿನಲ್ಲಿ ವಿಜಯಲಕ್ಷ್ಮಿ ವ್ಯವಹಾರ ಅಧ್ಯಯನ ಕಲಿಸತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು. ಉದ್ಯಮದ ಬೆಳವಣಿಗೆಯ ಪಾಠ ಪುಸ್ತಕದಿಂದ ಯಾರ ತಲೆಗೂ ಹೋಗುತ್ತಿರಲಿಲ್ಲ. ಈ ವರ್ಷ ಅವಳು ಹುಡುಗರ ಮೊಬೈಲಿನಲ್ಲಿ ಹಾಡು ಕೇಳಿಸುವ ಕಂಪನಿಯನ್ನೇ ಪಾಠವಾಗಿ ತೆಗೆದುಕೊಂಡಿದ್ದಳು. ತಾವೇ ಒಂದು ಹಾಡು ಅದಕ್ಕೆ ಏರಿಸಿ, ಎಷ್ಟು ಮಂದಿ ಕೇಳಿದರೆಂದು ದಿನವೂ ಬರೆದಿಡುವುದು ವರ್ಗದ ಕೆಲಸ.

“ಕಂಪನಿ ಮೊದಲ ಪುಕ್ಕಟೆ ಯಾಕ ಕೇಳಿಸ್ತು?”

“ಝಳಕಿ ಧಾಬಾದಾಂವ ಬಸ್ಸಿನ ಡ್ರೈವರಗ ಪುಕ್ಕಟೆ ಊಟಾ ಹಾಕ್ತಾನಲ್ರಿ ಮೇಡಂ, ಹಂಗ,” ಎಂದ ಸುಭಾಸ. “ಡ್ರೈವರ ನಿಂತ್ರ ಐವತ್ತ ಮಂದಿ ಇಳೀತಾರ.”

“ಇಂವ ಇಳದ್ರೂ ಏನೂ ತಗೊಳ್ಳಂಗಿಲ್ರಿ,” ಎಂದಳು ದಾನೇಶ್ವರಿ. “ಬಾಜೂದವರ ತಾಟ ನೋಡಕೋತ ಕೂಡ್ತಾನ.”

ನಗು ಇಳಿಯುವವರೆಗೆ ಕಾದು ವಿಜಯಲಕ್ಷ್ಮಿ ಹಲಗೆಯ ಮೇಲೆ ಎರಡು ವೃತ್ತ ಬರೆದಳು. ಒಂದು ಕೇಳುವವರದು, ಒಂದು ಕಂಪನಿಯದು. ಮೂರನೆಯದನ್ನು ಬರೆಯುತ್ತ ರೂಢಿಯಂತೆ ಕೇಳಿದಳು. “ಸರಕು ಎಲ್ಲಿಂದ ಬರತೈತಿ?”

ಹಲಗೆಯ ಹತ್ತಿರವೇ ನಿಂತಿದ್ದ ಕೋಮಲ ಹೇಳಿದಳು. “ಹಾಡೋರ ಕಡಿಂದ್ರಿ.”

“ಅವರಿಗೆ ಏನ ಸಿಗತೈತಿ?”

ಕೋಮಲ ಬೆರಳಿನ ಸುಣ್ಣವನ್ನು ದುಪಟ್ಟಾಕ್ಕೆ ಒರೆಸಿಕೊಂಡಳು. “ಹೆಸರ್ರಿ ಮೇಡಂ.”

ದನಿಯಲ್ಲಿ ಕೊಂಕಿರಲಿಲ್ಲ. ವಿಜಯಲಕ್ಷ್ಮಿ ತಿರುಗಿ, ಬರೆದಾಗಿದ್ದ ವೃತ್ತದ ಮೇಲೆಯೇ ಮತ್ತೊಮ್ಮೆ ಸೀಮೆಸುಣ್ಣ ಆಡಿಸಿದಳು.

ಹಾಡು ಕೋಮಲಳ ತಾಯಿ ಸೀತವ್ವನದು. ಹೋದ ವರ್ಷ ವಿಜಯಲಕ್ಷ್ಮಿ ಮನಗೂಳಿಯ ತನ್ನ ಮನೆಯಲ್ಲಿ ಬಸುರಿ ಮಗಳಿಗೆ ಕುಬಸ ಮಾಡಿದ ದಿನ ಸೀತವ್ವ ಹಾಡಿದ್ದನ್ನು ಮೊಬೈಲಿಗೆ ತುಂಬಿಕೊಂಡಿದ್ದಳು. ಯಾರ ಮನೆಯಲ್ಲಿ ಹಾಡಿದರೂ ಕಡೆಯ ಸಾಲಿನಲ್ಲಿ ಆ ಮನೆಯೊಡತಿಯ ಹೆಸರು ಸೇರಿಸುವುದು ಹಾಡುವವರ ಪದ್ಧತಿ. ಕಂಪನಿಗೆ ಏರಿಸುವಾಗ ‘ಹಾಡಿದವರು’ ಎಂಬಲ್ಲಿ ವಿಜಯಲಕ್ಷ್ಮಿ ತನ್ನ ಹೆಸರು ಹಾಕಿದಳು. ಖಾತೆ ತನ್ನದಲ್ಲವೇ ಎಂದುಕೊಂಡಳು. ಮೊದಲ ಹತ್ತು ಸೆಕೆಂಡು ಬೇಡದ ಗದ್ದಲವೆಂದು ಕತ್ತರಿಸಿದಳು.

ವರ್ಗದಲ್ಲಿ ಮೊದಲ ಸಲ ಕೇಳಿಸಿದಾಗ ಸುಭಾಸ ಎದ್ದು ನಿಂತಿದ್ದ. “ಮೇಡಂ, ಕಡೀಕ ನಿಮ್ಮ ಹೆಸರ ಬಂತಲ್ರಿ. ವಚನದಾಗ ಬಂದಂಗ ಅಂಕಿತ ಹಾಕೀರಿ. ನೀವಽ ಹಾಡೀರೇನ್ರಿ?” ಹುಡುಗರು ಚಪ್ಪಾಳೆ ತಟ್ಟಿದರು. ವಿಜಯಲಕ್ಷ್ಮಿ ನಕ್ಕಳು. ಸುಳ್ಳು ಹೇಳಬೇಕಾಗಿಯೇ ಬರಲಿಲ್ಲ, ನಗು ಸಾಕಾಯಿತು. ಕೋಮಲ ತಲೆ ತಗ್ಗಿಸಿ ನೋಟುಬುಕ್ಕು ನೋಡುತ್ತಿದ್ದುದನ್ನು ಅವಳು ಆವತ್ತೇ ಕಂಡಿದ್ದಳು. ಈಗ ಪ್ರಾಚಾರ್ಯ ಬಸಂತರಾಯರು ಶನಿವಾರದ ಪ್ರಾರ್ಥನೆಯಲ್ಲಿ ಆ ಹಾಡಿಗಾಗಿ ವಿಜಯಲಕ್ಷ್ಮಿಗೆ ಶಾಲು ಹೊದಿಸಲು ನಿಶ್ಚಯಿಸಿದ್ದರು.

ಗಂಟೆಯಾಗಿ ಎಲ್ಲರೂ ಹೊರಟಾಗ ಅವಳು ಕೋಮಲಳನ್ನು ತಡೆದಳು. “ಅವ್ವಗ ಹೇಳೀಯೇನು?”

“ಕೇಳಿಸೀನ್ರಿ.”

“ಏನಂದ್ಲು?”

“ಮೂರನೇ ನುಡಿಯಾಗ ಕೆಮ್ಮು ಬಂದೈತಂತ್ರಿ. ಇಷ್ಟ ಮಂದಿ ಕೇಳಾಕತ್ತಾರ, ಅಕ್ಕೋರ ಹೆಸರಿಗೆ ಕಮ್ಮಿ ಆಗಬಾರ್ದು, ಹೊಳ್ಳಿ ಚೊಲೊ ಹಾಡಿ ಕೊಡ್ತೇನಿ, ಯಾವಾಗ ಬರ್ಲಿ ಕೇಳು ಅಂದಾಳ್ರಿ.”

“ನನ್ನ ಹೆಸರ ಹಾಕಿದ್ದಕ್ಕ ಏನೂ ಅನ್ಲಿಲ್ಲೇನ?”

“ಯಾರ ಮನ್ಯಾಗ ಹಾಡಿದ್ರ ಹಾಡು ಅವರದಽ ಅಂತಾಳ್ರಿ ಅವ್ವ.” ಕೋಮಲ ಚೀಲ ಹೆಗಲಿಗೇರಿಸಿದಳು. “ನಾ ಹಂಗ ಅನ್ನಂಗಿಲ್ರಿ. ಬಸ್ಸಿಗೆ ಹೊತ್ತಾತ್ರಿ, ಬರ್ತೇನಿ.”

ಮನೆಗೆ ಬಂದು ವಿಜಯಲಕ್ಷ್ಮಿ ಸೆರಗನ್ನೂ ಸರಿಮಾಡಿಕೊಳ್ಳದೆ ಕೂತು ಆ ಮೂರನೆಯ ನುಡಿ ಕೇಳಿದಳು. ಹೌದು, ಸಾಲಿನ ನಡುವೆ ಸೀತವ್ವ ಕೆಮ್ಮನ್ನು ನುಂಗಿಕೊಂಡು ದನಿಯನ್ನು ಕೆಳಗಿಳಿಸಿ ಮೇಲೆತ್ತಿದ್ದಳು. ಇಷ್ಟು ದಿನ ಅದು ರಾಗದ ಒಂದು ತಿರುವೆಂದೇ ಅವಳು ತಿಳಿದಿದ್ದಳು. ಬಸಂತರಾಯರ ಮುಂದೆ ಹಾಗೆ ವಿವರಿಸಿಯೂ ಇದ್ದಳು. ಕತ್ತರಿಸದ ಮೂಲ ಇನ್ನೂ ಮೊಬೈಲಿನಲ್ಲಿತ್ತು. ಅದನ್ನು ಒಂದು ಸಲ ಕೇಳಿದಳು. ಎರಡನೆಯ ಸಲ ಕೇಳಲಾಗಲಿಲ್ಲ.

ಮರುದಿನ ಬೆಳಗ್ಗೆ ಮೊದಲು ಪ್ರಾಚಾರ್ಯರ ಕೋಣೆಗೆ ಹೋಗಿ ಶಾಲು ಬೇಡವೆಂದು ಕಾರಣಸಹಿತ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು. ಅಲ್ಲಿಂದ ವರ್ಗಕ್ಕೆ ಬಂದು, ಹಾಜರಿಯನ್ನೂ ಕೂಗದೆ, ಮೊಬೈಲನ್ನು ಸ್ಪೀಕರಿಗೆ ಜೋಡಿಸಿ ಒತ್ತಿದಳು.

ಪಾತ್ರೆಗಳ ಸದ್ದು. ಆಮೇಲೆ ಗಟ್ಟಿಯಾದ ಒಂದು ದನಿ: “ಸೀತವ್ವಾ, ಒಳಗ ಬರಬ್ಯಾಡ, ಅಲ್ಲೇ ಕಟ್ಟಿ ಮ್ಯಾಲ ಕೂತ ಹಾಡು. ಇಲ್ಲಿ ದೊಡ್ಡ ಮಂದಿ ಕೂತಾರ.”

“ಇದು ಮೇಡಂ ದನಿ ಅಲ್ಲೇನ...” ಎಂದು ನಗುತ್ತ ಶುರುಮಾಡಿದ ದಾನೇಶ್ವರಿ ಅಲ್ಲಿಗೇ ನಿಂತಳು. ಹಾಡು ಎದ್ದಿತು. ಮುಗಿಯುವವರೆಗೆ ಯಾರೂ ಬೆಂಚು ಸರಿಸಲಿಲ್ಲ.

“ಹಂಗಾರ ಹಾಡಿದಾಕಿ ಯಾರ್ರಿ?” ಸುಭಾಸ ಮೆಲ್ಲಗೆ ಕೇಳಿದ.

“ಸೀತವ್ವ. ಕಡೀಕ ಬರೂದು ಹಾಡಿಸಿದ ಮನಿಯಾಕಿ ಹೆಸರು. ನೀವು ನಂದ ಅಂದಾಗ ನಾ ಅಲ್ಲ ಅನ್ನಬೇಕಾಗಿತ್ತು. ಅನ್ಲಿಲ್ಲ.” ಕಂಪನಿಯಲ್ಲಿಯೂ ಹೆಸರು ತಿದ್ದಿದ್ದೇನೆ ಎಂದು ಸೇರಿಸಿದಳು. ಮೂರನೆಯ ಬೆಂಚಿನ ಕಡೆ ನೋಡುವ ಧೈರ್ಯವಾಗಲಿಲ್ಲ.

ಡಸ್ಟರ್ ಎತ್ತಿ ಹಳದಿ ತಲೆಬರಹವನ್ನು ಒರೆಸಿದಳು. ಮೂರು ವಾರದ ಸುಣ್ಣ ಹಲಗೆಗೆ ಕಚ್ಚಿಕೊಂಡಿತ್ತು. ಮತ್ತೆ ಒರೆಸಿದಳು. ಹಿಂದೆ ಬೆಂಚು ಸರಿದ ಸದ್ದಾಯಿತು. ಕೋಮಲ ಮೇಜಿನ ಮೇಲಿನ ಅರಿವೆ ತೆಗೆದುಕೊಂಡು ಹೊರಗಿನ ನಳಕ್ಕೆ ಹೋಗಿ ತೊಯಿಸಿ ಹಿಂಡಿ ತಂದು, ಅವಳ ಕೈಗಿಟ್ಟು, ತನ್ನ ಜಾಗಕ್ಕೆ ಮರಳಿದಳು.

ಹಸಿ ಅರಿವೆ ಆಡಿದಲ್ಲಿ ಹಲಗೆ ಅಚ್ಚ ಕಪ್ಪಾಯಿತು. ಕೆಳಗೆ ಅಂಕಿಗಳಷ್ಟೇ ಉಳಿದವು. ವಿಜಯಲಕ್ಷ್ಮಿ ಸೀಮೆಸುಣ್ಣ ತೆಗೆದುಕೊಂಡು, ನಿನ್ನೆಯ ಮೂರನೆಯ ವೃತ್ತವನ್ನು, ಹಾಡುವವರದನ್ನು, ಹೊಸದಾಗಿ ಬರೆದು ಪಾಠ ಶುರುಮಾಡಿದಳು. ಹುಡುಗರು ಬರೆದುಕೊಳ್ಳತೊಡಗಿದರು. ಫ್ಯಾನಿನ ಗಾಳಿಗೆ ಬಲಮೂಲೆ ಒಣಗುತ್ತ ಬಂದಂತೆ, ಹಳದಿ ಅಕ್ಷರಗಳು ಒಂದೊಂದಾಗಿ ಮಸುಕು ಮಸುಕಾಗಿ ಮತ್ತೆ ಕಾಣಿಸಿಕೊಂಡವು.