ಒಂಬತ್ತರಿಂದ ಹತ್ತಕ್ಕೆ ಹೋಗದ ಮಕ್ಕಳು

ಮೇ ತಿಂಗಳ ಮೊದಲ ವಾರ ನಮ್ಮ ಚಾಳಿನಲ್ಲಿ ಎರಡೇ ಮಾತು. ಊರಿಗೆ ಟಿಕೆಟ್ ಸಿಕ್ಕಿತೇ, ಮಕ್ಕಳ ರಿಸಲ್ಟ್ ಏನಾಯಿತು. ಈ ಸಲ ನಮ್ಮ ಪಕ್ಕದ ಮನೆಯಲ್ಲಿ ಎರಡನೆಯ ಮಾತನ್ನು ಯಾರೂ ಎತ್ತಲಿಲ್ಲ. ಗುಣಪಾಲನ ಮಗಳು ನಿಕಿತಾ ಒಂಬತ್ತನೆಯಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಫೇಲಾಗಿದ್ದಳು.

ಗುಣಪಾಲ ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಾನೆ. ಹೆಂಡತಿ ಜಲಜಾಕ್ಷಿ ಮನೆಯಲ್ಲೇ ಕುಳಿತು ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ. ನಾನು ಗುರುವಪ್ಪ. ಊರಿನಲ್ಲಿ ಮೂರನೆಯ ತರಗತಿ ದಾಟಲಿಲ್ಲ. ಇಲ್ಲಿಗೆ ಬಂದ ಮೇಲೆ ಒಂದು ಸರಕಾರಿ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಿಪಾಯಿ, ಅಂದರೆ ಜವಾನ, ಆಗಿದ್ದೆ. ನಿಕಿತಾ ಕಲಿಯುವುದೂ ಅದೇ ಶಾಲೆಯಲ್ಲಿ.

ಒಂದು ಸಂಜೆ ಗುಣಪಾಲ ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು ಬಂದ. ಶಾಲೆಯ ಕ್ಲಾರ್ಕ್ ನನಗೆ ಗುರುತಿನವರು, ಆದ್ದರಿಂದ ಮರುದಿನ ನಾನೂ ಜೊತೆಗೆ ಬರಬೇಕಂತೆ. ಹೆಡ್‌ಮಾಸ್ತರು ಕರೆದು ಹೇಳಿದ್ದರಂತೆ: ಹುಡುಗಿಯ ಎಲ್‌ಸಿ, ಅಂದರೆ ಶಾಲೆ ಬಿಟ್ಟ ಪತ್ರ, ತೆಗೆದುಕೊಂಡು ಹೋಗಿ, ಹದಿನೇಳು ನಂಬರ್ ಫಾರ್ಮ್ ತುಂಬಿಸಿ, ಹೊರಗಿನಿಂದಲೇ ಹತ್ತನೆಯ ಪರೀಕ್ಷೆಗೆ ಕೂರಿಸಿ, ವರ್ಷವೂ ಉಳಿಯುತ್ತದೆ ಎಂದು. ಅರ್ಜಿಯನ್ನು ಅವರೇ ಮರಾಠಿಯಲ್ಲಿ ಬರೆದು ಕೊಟ್ಟಿದ್ದರು. ಸಹಿ ಒಂದೇ ಬಾಕಿ.

ಆ ಕಾಗದವನ್ನು ನಾನು ದೂರದಿಂದಲೇ ಗುರುತಿಸಿದೆ. ಅಂಥವನ್ನು ಆಫೀಸಿನ ಒಂದು ಮೇಜಿನಿಂದ ಇನ್ನೊಂದಕ್ಕೆ ಎಷ್ಟು ಸಲ ಒಯ್ದಿದ್ದೇನೋ ಲೆಕ್ಕವಿಲ್ಲ, ಅದರ ಸಾಲು ಬಾಯಿಪಾಠ. ಇದರಲ್ಲಿ ಶಾಲೆ ಬಿಡಿಸಲು ಏನು ಕಾರಣ ಬರೆದಿದೆ ಗೊತ್ತುಂಟಾ ಎಂದು ಕೇಳಿದೆ. ಮರಾಠಿ ಓದಲು ಬಾರದ ಅವನಿಗೆ ಗೊತ್ತಿರಲಿಲ್ಲ. ಕುಟುಂಬ ಮೂಲ ಊರಿಗೆ ಹೋಗುತ್ತಿರುವುದರಿಂದ ಸ್ವಂತ ಇಚ್ಛೆಯಿಂದ ಬಿಡಿಸುತ್ತಿದ್ದೇವೆ ಎಂದು ಬರೆದಿದೆ ಎಂದೆ.

ಗುಣಪಾಲ ನಕ್ಕ. "ಅದರಲ್ಲಿ ಸುಳ್ಳೆಂತದ್ದು ಅಣ್ಣ? ಹದಿನೆಂಟಕ್ಕೆ ಟಿಕೆಟ್ ಉಂಟಲ್ಲ."

"ಜೂನ್ ಏಳಕ್ಕೆ ವಾಪಸ್ ಬರುವ ಟಿಕೆಟೂ ಉಂಟಲ್ಲ ಮಾರಾಯ. ಅದನ್ನು ಇದರಲ್ಲಿ ಬರೆದಿದ್ದಾರಾ?"

ನಾನು ಕಂಡದ್ದನ್ನು ಹೇಳಿದೆ. ಶಾಲೆಯಲ್ಲಿ ಬೆಂಚು ಹಾಕುವ ಕೆಲಸ ನನ್ನದಾಗಿತ್ತು. ನಾನು ರಿಟೈರ್ ಆದ ವರ್ಷ ಒಂಬತ್ತನೆಯಲ್ಲಿ ಐವತ್ತಮೂರು ಮಕ್ಕಳಿದ್ದರು. ಜೂನ್‌ನಲ್ಲಿ ಹತ್ತನೆಯ ಕೋಣೆಗೆ ಬಂದವರು ಮೂವತ್ತೊಂಬತ್ತು. ಏಳು ಬೆಂಚು ಹೊತ್ತು ಟೆರೇಸಿನ ಮೇಲಿಟ್ಟೆ. ಮರುವರ್ಷ ರಿಸಲ್ಟ್ ನೂರಕ್ಕೆ ನೂರು ಎಂದು ಗೇಟಿಗೆ ಬ್ಯಾನರ್ ಕಟ್ಟಿದರು. ಹಾಗೆ ಕಾಣದಾದ ಹದಿನಾಲ್ಕು ಮಕ್ಕಳಲ್ಲಿ ಹನ್ನೊಂದು ಮಕ್ಕಳ ಮನೆಯಲ್ಲಿ ಮರಾಠಿ ಇರಲಿಲ್ಲ. ಹೋಟೆಲಿನವರ ಮಕ್ಕಳು, ಬಿಲ್ಡಿಂಗ್ ಕೆಲಸದವರ ಮಕ್ಕಳು, ಉತ್ತರದ ಕಡೆಯಿಂದ ಬಂದ ಬಡಗಿಗಳ ಮಕ್ಕಳು. ಈ ಜನ ಊರಿಗೆ ಹೋದರು ಎಂದರೆ ಯಾರೂ ಮರಳಿ ಕೇಳುವುದಿಲ್ಲ. ಎಲ್ಲರ ಅರ್ಜಿಯಲ್ಲೂ ಅದೇ ಸಾಲು.

ಗುಣಪಾಲನಿಗೆ ಸಿಟ್ಟು ಬಂತು. "ನೀವು ಗಂಟೆ ಹೊಡೆದವರು ಅಣ್ಣ. ಅವರು ಪಾಠ ಹೇಳಿದವರು. ಯಾರ ಮಾತು ಕೇಳಬೇಕು ನಾನು?"

ಹೇಳಿದ್ದು ತಪ್ಪಲ್ಲ. ನನ್ನ ಮಾತಿಗೆ ಅಷ್ಟು ತೂಕ ಇರಬೇಕಾದರೂ ಏಕೆ. ಆದರೆ ಅವನ ಹಿಂದೆ ಬಾಗಿಲಲ್ಲಿ ಜಲಜಾಕ್ಷಿ ನಿಂತಿದ್ದಳು. ಮಗಳು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂತರೆ ಮದುವೆ ಮನೆಗಳಲ್ಲಿ ನೆಂಟರು ಕೇಳುತ್ತಾರಲ್ಲ ಎಂಬ ಅಳುಕು ಇವನಿಗಿರುವುದು, ಉಳಿದದ್ದೆಲ್ಲ ಆಮೇಲೆ ಎಂದು ಅವಳು ಮೆಲ್ಲಗೆ ಹೇಳಿದಳು. ಒಳಗೆ ನಿಕಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಫಾರ್ಮ್ ತುಂಬಿಸಿದರೆ ಅವಳಿಗೆ ಗಣಿತ ಹೇಳಿಕೊಡುವವರು ಯಾರು ಎಂದು ಜಲಜಾಕ್ಷಿ ಕೇಳಿದಳು.

ಸಹಿ ಹಾಕುವ ಮೊದಲು ಒಂದು ಮನೆಗೆ ಹೋಗಿ ಬರೋಣ ಎಂದು ನಾನು ಕೇಳಿಕೊಂಡೆ. ಮರುದಿನ ಬೆಳಿಗ್ಗೆ ಗುಣಪಾಲ, ಜಲಜಾಕ್ಷಿ, ನಾನು ಮೂವರೂ ಲೋಕಲ್ ರೈಲಿನಲ್ಲಿ ಕಲ್ಯಾಣ ಸ್ಟೇಷನ್ನಿಗೆ ಹೋದೆವು. ಸ್ಟೇಷನ್ನಿಂದ ಪೂರ್ವಕ್ಕೆ ನಡೆದರೆ ಗುಡ್ಡದ ಬದಿಯಲ್ಲಿ ಸೈದಪ್ಪನ ಒಂದು ಕೋಣೆಯ ಮನೆ, ಖೋಲಿ. ಯಾದಗಿರಿ ಕಡೆಯವನು, ಸೆಂಟ್ರಿಂಗ್ ಕೆಲಸ. ಅವನ ಮಗಳು ಶರಣಮ್ಮ ಲೋಕಲ್ ರೈಲಿನಲ್ಲಿ ಬಂದು ನಮ್ಮ ಶಾಲೆಯಲ್ಲೇ ಕಲಿಯುತ್ತಿದ್ದವಳು. ನಾಲ್ಕು ವರ್ಷದ ಹಿಂದೆ ಅವಳು ಒಂಬತ್ತನೆಯಲ್ಲಿ ಫೇಲಾದಾಗ ಅವಳ ಎಲ್‌ಸಿಗೆ ಶಾಲೆಯ ಸಿಕ್ಕಾ, ಮೊಹರು, ಒತ್ತಿಸಿ ತಂದುಕೊಟ್ಟವನು ನಾನೇ. ಸೈದಪ್ಪನಿಗೂ ಅದು ನೆನಪಿದೆ. ಆದರೂ ಕೂರಲು ಚಾಪೆ ಹಾಸಿದ.

ಗುಣಪಾಲ ತಂದಿದ್ದ ಕಾಗದವನ್ನು ಅವನು ತಿರುಗಿಸಿ ನೋಡಿದ. ಓದಲು ಬರದವನು.

"ನನಗೂ ಇದೇ ಕೊಟ್ಟಿದ್ರು ರೀ. ಊರಿಗಿ ಹೊಂಟೀವಿ ಅಂತ ಬರದಿದ್ರಂತ. ನಾವೆಲ್ಲಿ ಹೋಗೀವಿ? ಇದೇ ಖೋಲ್ಯಾಗ ಅದೀವಿ."

ಆಮೇಲಿನದನ್ನೂ ಅವನೇ ಹೇಳಿದ. ಫಾರ್ಮ್ ಯಾವಾಗ ತುಂಬಬೇಕು ಎಂದು ಯಾರೂ ತಿಳಿಸಲಿಲ್ಲ. ಮೊದಲ ವರ್ಷ ತಾರೀಖು ದಾಟಿಹೋಯಿತು. ಎರಡನೆಯ ವರ್ಷ ಹೇಗೋ ತುಂಬಿಸಿದ. ಮಾಸ್ತರಿಲ್ಲ, ಪಾಠವಿಲ್ಲ, ಪುಸ್ತಕ ಮಾತ್ರ ಇತ್ತು. ಮೂರು ವಿಷಯ ಹೋದವು. ಮತ್ತೆ ಕೂರುತ್ತೇನೆ ಎಂದು ಹುಡುಗಿ ಹೇಳಲಿಲ್ಲ, ಕೂರು ಎಂದು ಇವನೂ ಹೇಳಲಿಲ್ಲ. ಈಗ ಅವಳಿಗೆ ಮೇಣದಬತ್ತಿ ಪ್ಯಾಕ್ ಮಾಡುವ ಗಾಳಾದಲ್ಲಿ, ಒಂದು ಸಣ್ಣ ಕಾರ್ಖಾನೆಯಲ್ಲಿ, ದಿನಗೂಲಿ.

ಅವತ್ತು ಅವಳಿಗೆ ರಜೆ ಇತ್ತು. ಎಲ್ಲರಿಗೂ ಚಹಾ ತಂದು ಕೊಟ್ಟಳು. ನನ್ನ ಲೋಟ ಕೊಡುವಾಗ ಒಂದು ಮಾತು ಕೇಳಿದಳು.

"ಅಜ್ಜಾ, ಹತ್ತನೇ ವರ್ಗ ಇನ್ನಾ ಮ್ಯಾಲಿನ ಮಾಳಿಗ್ಯಾಗೇ ಐತೇನು? ನಾ ಒಮ್ಮಿನೂ ಒಳಗ ಹೋಗಿ ನೋಡಲೇ ಇಲ್ಲ."

ಐತಿ ಎಂದೆ.

ವಾಪಸ್ ಬರುವಾಗ ಲೋಕಲ್‌ನಲ್ಲಿ ಸೀಟು ಇತ್ತು, ಗುಣಪಾಲ ಕೂರಲಿಲ್ಲ. ಬಾಗಿಲ ಕಂಬಿ ಹಿಡಿದು ನಿಂತಿದ್ದ. ಜಲಜಾಕ್ಷಿ ಪರ್ಸಿನಿಂದ ಅರ್ಜಿ ತೆಗೆದು ನಾಲ್ಕು ಮಡಿಕೆ ಮಾಡಿ ಹರಿದಳು. "ಒಂದು ವರ್ಷ ತಾನೇ? ಹೋಗಲಿ. ನೆಂಟರು ಕೇಳಿದರೆ ನಾನು ಹೇಳುತ್ತೇನೆ." ಅವನು ಬೇಡ ಎನ್ನಲಿಲ್ಲ.

ಮರುದಿನ ಗಂಡ ಹೆಂಡತಿ ಇಬ್ಬರೂ ಶಾಲೆಗೆ ಹೋದರು. ನಾನು ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ. ಹೆಡ್‌ಮಾಸ್ತರು ಕೆಟ್ಟವರಲ್ಲ. ರಿಸಲ್ಟ್ ಕಡಿಮೆಯಾದರೆ ಮೇಲಿನವರು ತಮ್ಮನ್ನು ನಿಲ್ಲಿಸಿ ಕೇಳುತ್ತಾರೆ ಎಂದರಂತೆ. ನಮ್ಮ ಮಗಳು ಎಲ್ಲಿಗೂ ಹೋಗುವುದಿಲ್ಲ, ಒಂಬತ್ತನೆಯಲ್ಲೇ ಕೂರುತ್ತಾಳೆ ಎಂದು ಗುಣಪಾಲ ಬರೆಸಿಕೊಂಡು ಹೋದ ಕಾಗದ ಕೊಟ್ಟ. ಅದರ ಇನ್ನೊಂದು ಪ್ರತಿಗೆ ಸಿಕ್ಕಾ ಹಾಕಿಸಿಕೊಂಡ. ಒಂದೂವರೆ ತಾಸು ಹಿಡಿಯಿತು. ಹೊರಗೆ ಬಂದಾಗ ಅವನ ಮುಖ ಸೋತವನ ಹಾಗೇ ಇತ್ತು. ಮಗಳಿಗೆ ಏನೆಂದು ಹೇಳುವುದು ಅಣ್ಣ ಎಂದು ನನ್ನನ್ನೇ ಕೇಳಿದ.

ನಿಕಿತಾ ಈಗ ತನಗಿಂತ ಒಂದು ವರ್ಷ ಚಿಕ್ಕ ಮಕ್ಕಳ ಜೊತೆ ಕೂರುತ್ತಾಳೆ. ಮೊದಲ ವಾರ ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಬಂತು. ಅವಳ ಜೊತೆಯವರು ಮೇಲಿನ ಮಾಳಿಗೆಯಲ್ಲಿದ್ದಾರೆ. ಗಣಿತ ಇನ್ನೂ ಕಷ್ಟವೇ. ಪಾಸಾಗುತ್ತಾಳೆ ಎಂದು ನಾನು ಹೇಳಲಾರೆ. ಆದರೆ ಬೆಳಿಗ್ಗೆ ಹಾಜರಿ ಕರೆಯುವಾಗ ಅವಳ ಹೆಸರು ಕರೆಯುತ್ತಾರೆ, ತಿಳಿಯದಿದ್ದರೆ ಕೇಳಲು ಒಬ್ಬ ಮಾಸ್ತರು ಎದುರಿಗಿದ್ದಾರೆ. ಶರಣಮ್ಮನಿಗೆ ಅಷ್ಟೂ ಸಿಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂಬತ್ತನೆಯ ಮಗು ಇರಬಹುದು. ಓದಲು ಬಾರದ ಕಾಗದಕ್ಕೆ ಶಾಲೆಯಲ್ಲಿ ಸಹಿ ಹಾಕಬೇಡಿ. ಮನೆಗೆ ತನ್ನಿ, ಓದಬಲ್ಲವರಿಂದ ಪೂರ್ತಿ ಓದಿಸಿ. ನೀವು ಎಲ್ಲಿಗೂ ಹೋಗದೆ ಊರಿಗೆ ಹೋಗುತ್ತೇವೆ ಎಂದು ಬರೆದುಕೊಡಬೇಡಿ. ಮಗು ಫೇಲಾದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಲು ನೀವೇ ಹೋಗಿ ಕೇಳಿ, ಕೊಟ್ಟ ಕಾಗದದ ಪ್ರತಿ ಇಟ್ಟುಕೊಳ್ಳಿ. ಶಾಲೆಯವರು ರಿಸಲ್ಟ್ ತೋರಿಸಿದಾಗ, ಹೋದ ವರ್ಷ ಒಂಬತ್ತನೆಯಲ್ಲಿ ಎಷ್ಟು ಮಕ್ಕಳಿದ್ದರು ಎಂದೂ ಕೇಳಿ. ಕೇಳುವಾಗ ಒಬ್ಬರೇ ಹೋಗಬೇಡಿ, ಚಾಳಿನ ನಾಲ್ಕು ಜನ ಸೇರಿ ಹೋಗಿ. ನಾನು ಮೂವತ್ತೊಂದು ವರ್ಷ ಅಲ್ಲೇ ಇದ್ದೂ ಕೇಳಲಿಲ್ಲ. ನೀವು ಬರುವ ಮೇ ತಿಂಗಳಲ್ಲೇ ಕೇಳಿ.