ಅಣ್ಣನಿಗಿಟ್ಟ ಎಡೆ

ಕಾಲರು ಕುತ್ತಿಗೆ ಕೊಯ್ಯುತ್ತಿದೆ, ಹಿರಿಯರಿಗೆ ಎಡೆಯಿಡುವ ಚುಸೊಕ್ ಹಬ್ಬಕ್ಕೆಂದು ಅಮ್ಮ ಗಂಜಿ ಹಾಕಿಟ್ಟ ನಿಲುವಂಗಿಯದು, ಸಮವಸ್ತ್ರದಲ್ಲೇ ಬನ್ನಿ ಎಂದಿದ್ದರು ಊರವರು, ನಾಲ್ಕು ನಕ್ಷತ್ರ ಕಣ್ಣಾರೆ ನೋಡಬೇಕಂತೆ, ನೋಡಿ ಏನು ಮಾಡುತ್ತಾರೆ, ಈ ಉಯಿಸಾಂಗ್‌ನ ಬೆಳ್ಳುಳ್ಳಿ ಮಾರುವ ಮಂದಿ — ಅಮ್ಮನೂ ಸೂರಿನಡಿ ಜಡೆ ಹೆಣೆದು ತೂಗುಹಾಕಿದ್ದಾಳೆ, ಮನೆಯೆಲ್ಲ ಅದೇ ಘಾಟು, ಸೈನಿಕ ಶಾಲೆಯ ಮೊದಲ ವರ್ಷ ಸಿಯೋಲ್‌ನ ಹುಡುಗರು ಮೂಗು ಮುಚ್ಚಿಕೊಂಡು, ಏಯ್ ಉಯಿಸಾಂಗ್ ಬೆಳ್ಳುಳ್ಳಿ, ಆಚೆ ಹೋಗಿ ಮಲಗೋ ಎನ್ನುತ್ತಿದ್ದರು, ಅವರಲ್ಲಿ ಒಬ್ಬ ಆಮೇಲೆ ನನ್ನ ಕೈಕೆಳಗೇ ಬಂದ, ಗಡಿಯ ಹಿಮಕ್ಕೆ ಎಸೆದೆ, ಕಾಲ್ಬೆರಳು ಉದುರಿಸಿಕೊಂಡು ಮನೆಗೆ ಹೋದ, ಮಾಡಿದ್ದುಣ್ಣೋ ಮಹರಾಯ. ಬಸ್ ನಿಲ್ದಾಣದಿಂದ ಸಂತೆಯವರೆಗೂ ಬ್ಯಾನರು, ಜನರಲ್ ಪ್ಯೋ ಇನ್‌ಗ್ಯು ನಮ್ಮೂರ ಹೆಮ್ಮೆ, ಹೆಮ್ಮೆಯಂತೆ, ಇದೇ ಊರಲ್ಲವೇ, ನಾನು ಸೈನಿಕ ಶಾಲೆಗೆ ಅರ್ಜಿ ಹಾಕಿ ಪೊಲೀಸಿನವನು ವಿಚಾರಣೆಗೆ ಬಂದಾಗ ಅಕ್ಕಿಗಿರಣಿಯ ಮುದುಕ ಹಲ್ಲು ಕೆದಕಿಕೊಳ್ಳುತ್ತಾ, ಇವರ ದೊಡ್ಡ ಹುಡುಗ ಉತ್ತರದ ಸೈನ್ಯದ ಹಿಂದೆ ಹೋದೋನಲ್ವಾ ಸ್ವಾಮಿ, ಎಂದು ತಣ್ಣಗೆ ಕಡ್ಡಿ ಆಡಿಸಿದ್ದು. ಹೋದವನಲ್ಲ, ಯುದ್ಧದಲ್ಲಿ ಅವರೇ ಎಳೆದುಕೊಂಡು ಹೋದರು, ಮಾನ್‌ಗ್ಯು ಅಣ್ಣನಿಗಾಗ ಮೀಸೆ ಚಿಗುರುವ ವಯಸ್ಸು, ಆದರೆ ಅದನ್ನು ಕೇಳುವವರಾರು, ಉತ್ತರದಲ್ಲಿ ಅಣ್ಣನಿರುವವನಿಗೆ ನಮ್ಮ ಸೈನ್ಯದ ಬಾಗಿಲು ತೆರೆಯುವುದಿಲ್ಲ, ಬದುಕಿದ ಅಣ್ಣ ಬೇಡ, ಸತ್ತ ಅಣ್ಣನಾದರೆ ಆದೀತು. ಅಪ್ಪನ ರಟ್ಟೆ ಹಿಡಿದು ಕಚೇರಿಗೆ ಎಳೆದೊಯ್ದೆ, ಬಾಂಬಿಗೆ ಸಿಕ್ಕು ಸತ್ತ ಎಂದು ಬರೆಸಿದೆ, ಅಪ್ಪ ಹೆಬ್ಬೆಟ್ಟೊತ್ತಿ ಹೊರಗೆ ಬಂದು ಚರಂಡಿಗೆ ವಾಂತಿ ಮಾಡಿಕೊಂಡ. ಸತ್ತವನಿಗೆ ಎಡೆ ಇಡದಿದ್ದರೆ ಊರು ನಂಬುತ್ತದೆಯೇ, ಅಂದಿನಿಂದ ಹಬ್ಬಹಬ್ಬಕ್ಕೂ ಅಣ್ಣನಿಗೆ ಎಡೆ, ಅಣ್ಣ ಸತ್ತ, ನಾನು ಕ್ಯಾಪ್ಟನ್ ಆದೆ, ಕರ್ನಲ್ ಆದೆ, ನಕ್ಷತ್ರಗಳು ಒಂದೊಂದಾಗಿ ಹೆಗಲಿಗೆ ಬಂದವು.

ಈಗ ಬದುಕಿ ಕೂತಿದ್ದಾನೆ, ದರಿದ್ರದವನು. ಬೆಳಿಗ್ಗೆ ಕಾರು ಊರು ಮುಟ್ಟುವ ಮೊದಲೇ ನನ್ನ ಸಹಾಯಕ ಕರ್ನಲ್ ಬೊಂಗ್‌ನ ಫೋನು, ಸಾರ್, ಯುದ್ಧದಲ್ಲಿ ಬೇರಾದ ಕುಟುಂಬಗಳ ಭೇಟಿಗೆ ಉತ್ತರದಿಂದ ಹೆಸರುಗಳು ಬಂದಿವೆ, ಪ್ಯೋ ಮಾನ್‌ಗ್ಯು, ಹುಟ್ಟೂರು ಉಯಿಸಾಂಗ್, ತಾಯಿನ ನೋಡ್ಬೇಕಂತೆ, ಇನ್ನೂ ಯಾರಿಗೂ ಗೊತ್ತಿಲ್ಲ, ಏನ್ ಉತ್ತರ ಕೊಡ್ಲಿ. ತಾಯಿ ತೀರಿಕೊಂಡಿದ್ದಾರೆ ಅಂತ ಕೊಡು. ಸಾರ್, ಅಮ್ಮನವರು ಇನ್ನೂ — ತೀರಿಕೊಂಡಿದ್ದಾರೆ ಅಂದ್ನಲ್ಲ, ಕಿವಿ ಕೇಳಲ್ವೇನಯ್ಯ. ಕೇಳಿತು, ಕೇಳದೆ ಏನು, ಬಡ್ತಿ ಬೇಕಾದವನಿಗೆ ಎಲ್ಲ ಕೇಳುತ್ತದೆ. ದಂಡನಾಯಕನ ಹುದ್ದೆಗೆ ಉಳಿದಿರುವುದು ನನ್ನದೂ ಸೇರಿ ಎರಡೇ ಹೆಸರು, ಈ ವಾರ ತೀರ್ಮಾನ, ಈ ಹೊತ್ತಲ್ಲಿ ಟಿವಿ ಮುಂದೆ ಅಣ್ಣ ಎದೆ ತುಂಬ ಕೆಂಪು ಬಿಲ್ಲೆ ಸಿಕ್ಕಿಸಿಕೊಂಡು ನನ್ನ ಕೊರಳಿಗೆ ಜೋತುಬಿದ್ದು ಗೋಳಾಡಿದರೆ, ಸತ್ತಿದ್ದ ಅಣ್ಣ ಎದ್ದು ಬಂದದ್ದು ಹೇಗೆ ಜನರಲ್ ಎಂದು ಯಾವನಾದರೂ ಕೇಳಿದರೆ, ಮುಗಿಯಿತು ಕಥೆ. ಅಮ್ಮನಿಗೇನು, ನೋಡಿದರೂ ಸಾಯುತ್ತಾಳೆ, ನೋಡದಿದ್ದರೂ ಸಾಯುತ್ತಾಳೆ.

ಅಪ್ಪನ ಎಡೆ ಮುಗಿಯಿತು, ಈಗ ಅಣ್ಣನದು, ಹೊಸ ಅಕ್ಕಿಯ ಅನ್ನ ಹಬೆಯಾಡುತ್ತಿದೆ, ಪಕ್ಕದಲ್ಲಿ ಚಮಚ, ಅಮ್ಮ ಅಡ್ಡ ಮಲಗಿಸಿದ್ದಾಳೆ, ಮತ್ತೆ ಅದೇ ಹಟ, ಸತ್ತವರ ಅನ್ನದಲ್ಲಿ ಚಮಚ ನೆಟ್ಟಗೆ ನೆಡಬೇಕು, ಇಲ್ಲದಿದ್ದರೆ ಅವರಿಗೆ ಉಣ್ಣಲಾಗದು, ಮಲಗಿಸಿಡುವುದು ಗದ್ದೆಯಿಂದ ಬರುವ ಬದುಕಿದವನಿಗೆ, ಪ್ರತಿ ಹಬ್ಬಕ್ಕೂ ನಾನು ನೆಡುವುದು, ನಾನು ಅತ್ತ ತಿರುಗಿದೊಡನೆ ಇವಳು ಕೀಳುವುದು. ಹಿಂದೆ ಬಂದು ಕೂತಳು, ಮಂಡಿ ಲಟಕ್ ಎಂದಿತು, ಇನ್‌ಗ್ಯು, ಟಿವಿಲಿ ತೋರಿಸ್ತಾರೆ ಕಣೋ, ಆ ಕಡೆಯಿಂದ ಮಕ್ಕಳು ಬರ್ತಿದ್ದಾರೆ, ಅಷ್ಟೊಂದು ನಕ್ಷತ್ರ ಹೊತ್ಕೊಂಡು ತಿರುಗ್ತೀಯಲ್ಲ, ನಿಮ್ಮಣ್ಣನ ಬಗ್ಗೆ ಒಂದು ಮಾತು ವಿಚಾರಿಸಕ್ಕಾಗಲ್ವಾ ನಿಂಗೆ. ಗೊತ್ತಾಗಲಿಲ್ಲ ಎಂದರೆ ನಾಳೆ ಸಿಯೋಲ್‌ಗೆ ಬಸ್ಸು ಹತ್ತುತ್ತಾಳೆ, ಅವನ ಹೆಸರು ಬರೆದ ರಟ್ಟು ಕೊರಳಿಗೆ ಕಟ್ಟಿಕೊಂಡು ಟಿವಿಯವರ ಬಾಗಿಲಲ್ಲಿ ನಿಲ್ಲುತ್ತಾಳೆ, ಬೇಡ, ಬೇರು ಸಮೇತ ಕಿತ್ತುಬಿಡಬೇಕು — ವಿಚಾರಿಸಿದೆ ಅಮ್ಮ, ಅಣ್ಣ ಹೋಗಿಬಿಟ್ಟಿದ್ದಾನೆ, ತುಂಬ ವರ್ಷ ಆಯ್ತಂತೆ. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಯಾವತ್ತು, ಎಂದಳು. ಏನಮ್ಮ. ಹೋದ ದಿನ ಕಣೋ, ತಿಥಿ ಯಾವತ್ತು ಮಾಡ್ಲಿ. ಬಾಯಿಗೆ ಬಂದದ್ದು ನನಗೆ ಮೊದಲ ನಕ್ಷತ್ರ ಬಂದ ದಿನ, ಅದನ್ನೇ ಹೇಳಿದೆ. ಅಮ್ಮ ಅದನ್ನು ತುಟಿಯಲ್ಲೇ ಎರಡು ಸಲ ಹೇಳಿಕೊಂಡಳು, ಆಮೇಲೆ ತೆವಳಿಕೊಂಡು ಮುಂದೆ ಬಂದಳು, ಅಯ್ಯೋ ಪಾಪಿ ನಾನು, ಬದುಕಿದ್ದಾನೆ ಅಂತ ಪ್ರತಿ ಸಲ ಚಮಚ ಕಿತ್ತಿಟ್ನಲ್ಲ, ನನ್ ಮಗ ಮನೆವರೆಗೂ ಬಂದು, ಅನ್ನ ನೋಡ್ಕೊಂಡು, ಉಣ್ಣಕ್ಕಾಗ್ದೆ ಹಸ್ಕೊಂಡೇ ಹೋಗ್ತಿದ್ನೇನೋ, ಎನ್ನುತ್ತಾ ಚಮಚ ಎತ್ತಿಕೊಂಡಳು, ಅನ್ನಕ್ಕೆ ನೆಟ್ಟಳು, ವಾಲಿತು, ಎರಡೂ ಕೈ ಸೇರಿಸಿ ಒತ್ತಿದಳು, ಉಣ್ಣು ಮಗಾ, ಹೊಸ ಅಕ್ಕಿ, ಹೊಟ್ಟೆ ತುಂಬ ಉಣ್ಣು.

ಎದ್ದು ನಮಸ್ಕರಿಸಬೇಕು, ಸಂಜೆಯೊಳಗೆ ಸಿಯೋಲ್, ಬೊಂಗ್ ಉತ್ತರ ಕಳಿಸಿರುತ್ತಾನೆ, ವಾರದೊಳಗೆ ಹುದ್ದೆ, ಪ್ರಮಾಣ, ಬ್ಯಾಂಡು — ಅತ್ತ ಅಣ್ಣನಿಗೂ ಅಮ್ಮ ಸತ್ತ ಸುದ್ದಿ ತಲುಪುತ್ತದೆ, ಅವನೂ ಇವಳ ಹೆಸರಿಗೆ ಅನ್ನ ಬಡಿಸಿ, ಅವನೂ ಚಮಚ — ಸಂಜೆಯೊಳಗೆ ಸಿಯೋಲ್, ಕಾರು ಹೊರಗೇ ಇದೆ, ಏಳಬೇಕು — ಚಮಚ, ಅನ್ನದಲ್ಲಿ, ನೆಟ್ಟಗೆ — ಏಳಬೇಕು — ಚಮಚ